ಕ್ರಿಸ್ಮಸ್ ಕಿಟ್ ಒಂದೇ ಸಾಕೇ? ಸಭೆಯ ದಯಾನಿಧಿಯನ್ನು ವರ್ಷವಿಡೀ ನಡೆಸುವ ಬಗೆ

ಉಗ್ರಾಣ
ಎಲ್ಲರಿಗೂ ವಂದನೆ. 140 ಕುಟುಂಬಗಳ ಸಣ್ಣ ಸಭೆ (ಚರ್ಚು) ನಮ್ಮದು. ತಿಂಗಳ ಕೊನೆಯ ಭಾನುವಾರ ಎತ್ತುವ ಎರಡನೇ ಕಾಣಿಕೆ ಬಡವರ ನೆರವಿನ ದಯಾನಿಧಿಗೆ ಹೋಗುತ್ತದೆ. ಸರಾಸರಿ 9,500 ರೂಪಾಯಿ. ಈಗಿನ ಪದ್ಧತಿ ಏನೆಂದರೆ ವರ್ಷವಿಡೀ ಕೂಡಿಟ್ಟು ಡಿಸೆಂಬರ್ 20ರ ಸುಮಾರಿಗೆ 60 ಮನೆಗಳಿಗೆ ಕಿಟ್ ಕೊಡುವುದು: 10 ಕೆಜಿ ಅಕ್ಕಿ, 1 ಕೆಜಿ ತೊಗರಿಬೇಳೆ, 1 ಲೀಟರ್ ಎಣ್ಣೆ, ಕೇಕು, ಕ್ಯಾಲೆಂಡರ್. ಇದು ವರ್ಷವಿಡೀ ನಡೆಯಬೇಕು ಎಂಬ ಮಾತು ಸಮಿತಿಯಲ್ಲಿ ಬಂದಿದೆ. ಯಾರಿಗೆ, ಎಷ್ಟು, ಯಾರ ಕೈಯಿಂದ, ಲೆಕ್ಕ ಹೇಗೆ? ಬೈಬಲ್ ವಚನ ಬೇಡ ಎಂದಲ್ಲ, ಬರೀ ವಚನ ಬೇಡ.

ತಕ್ಕಡಿ
ಮೊದಲು ಲೆಕ್ಕ. ತಿಂಗಳಿಗೆ 9,500 ಎಂದರೆ ವರ್ಷಕ್ಕೆ 1,14,000. 60 ಮನೆಗೆ ಹಂಚಿದರೆ ಮನೆಗೆ 1,900, ತಿಂಗಳಿಗೆ 160 ರೂಪಾಯಿಯೂ ಬೀಳಲಿಲ್ಲ. ಅಷ್ಟರಲ್ಲಿ ಯಾರ ಕಷ್ಟವೂ ಕರಗುವುದಿಲ್ಲ, ಕೊಟ್ಟೆವು ಎಂಬ ಸಮಾಧಾನ ಮಾತ್ರ ನಿಮ್ಮದು. ಸಂಖ್ಯೆ ಇಳಿಸಿ. ಆರು ಮನೆಗೆ ತಿಂಗಳಿಗೆ ಅಂದಾಜು 1,000ದಂತೆ 6,000. ತುರ್ತಿಗೆ 2,000 (ಔಷಧ, ಬಸ್ ಚಾರ್ಜು, ಪರೀಕ್ಷಾ ಶುಲ್ಕ). ಭೇಟಿಗೆ ಹೋಗುವವರ ಆಟೋ ಖರ್ಚಿಗೆ 1,000. ಉಳಿದ 500 ಕೈಮುಟ್ಟದ ಹಣ, ಕಾಣಿಕೆ ಕಡಿಮೆ ಬಿದ್ದ ತಿಂಗಳಿಗೆ. ಮೇ ತಿಂಗಳಲ್ಲಿ ಊರಿಗೆ ಹೋದವರ ಕಾಣಿಕೆ ಬರುವುದಿಲ್ಲ, ಹಸಿವು ಮಾತ್ರ ರಜೆ ಹಾಕುವುದಿಲ್ಲ.

ಇನ್ನು ಚೀಲದ ಒಳಗೆ ಏನಿರಬೇಕು ಎನ್ನುವುದು. ನಿಮ್ಮ ಪಟ್ಟಿಯಲ್ಲಿ ಅಕ್ಕಿಗೇ ಹೆಚ್ಚು ತೂಕ. ಬಿಪಿಎಲ್ ಚೀಟಿ ಇದ್ದವರಿಗೆ ಅಕ್ಕಿ ಪಡಿತರದಲ್ಲೇ ಬರುತ್ತದೆ. ಅದರ ಮೇಲೆ ನೀವು 10 ಕೆಜಿ ಕೊಟ್ಟರೆ ಒಂದೋ ಹುಳ ಬೀಳುತ್ತದೆ, ಇಲ್ಲವೇ ಅರ್ಧ ಬೆಲೆಗೆ ಮಾರಿ ಎಣ್ಣೆ ತರುತ್ತಾರೆ. ಹಾಗೆ ಮಾರಿದ್ದು ಕಂಡು ‘ಕೊಟ್ಟಿದ್ದನ್ನೂ ಮಾರಿಕೊಂಡರು’ ಎಂದು ಸಮಿತಿಯವರು ಗೊಣಗಬೇಕಾಗಿಲ್ಲ, ಅವರು ಪಟ್ಟಿ ತಿದ್ದಿದ್ದಾರೆ ಅಷ್ಟೇ.

ಕೊರತೆ ಇರುವುದು ಬೇಳೆಕಾಳಿನಲ್ಲಿ. ಒಬ್ಬರಿಗೆ ದಿನಕ್ಕೆ 50 ಗ್ರಾಂ ಎಂದರೆ ಇಬ್ಬರಿರುವ ಮನೆಗೆ ತಿಂಗಳಿಗೆ 3 ಕೆಜಿ. ವಯಸ್ಸಾದವರ ಮನೆಯಾದರೆ ಅದರಲ್ಲಿ ಒಂದೂವರೆ ಕೆಜಿ ಹೆಸರುಬೇಳೆಯೇ ಇರಲಿ. ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ, ಹಲ್ಲಿಲ್ಲದವರೂ ತಿನ್ನಬಹುದು. ಕಡಲೆಕಾಳು, ಒಣ ಅವರೆಕಾಳು ಕೊಟ್ಟರೆ ಡಬ್ಬಿಯಲ್ಲೇ ಕೂತಿರುತ್ತವೆ. ಜತೆಗೆ 1 ಲೀಟರ್ ಎಣ್ಣೆ, ಅರ್ಧ ಕೆಜಿ ಶೇಂಗಾ, 250 ಗ್ರಾಂ ಟೀಪುಡಿ, ಅರ್ಧ ಕೆಜಿ ಬೆಲ್ಲ, ಮೈಸೋಪು, ಬಟ್ಟೆ ಸೋಪು. ಸೋಪನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕೊಟ್ಟರೆ ಮೊದಲು ಖಾಲಿಯಾಗುವುದು ಅದೇ. ಹೆಣ್ಣುಮಕ್ಕಳಿರುವ ಮನೆಗೆ ಸ್ಯಾನಿಟರಿ ಪ್ಯಾಡು ಕಾಗದದಲ್ಲಿ ಸುತ್ತಿ, ಅದನ್ನು ಕೊಡುವವರು ಹೆಂಗಸರೇ ಆಗಿರಲಿ.

ಪಟ್ಟಿಯಲ್ಲಿ ತೂಕ ಬರೆಯಿರಿ, ಬೆಲೆ ಬರೆಯಬೇಡಿ. ‘ಮನೆಗೆ 1,000 ರೂಪಾಯಿ’ ಎಂದು ಗೊತ್ತುಮಾಡಿದರೆ ಬೇಳೆ ತುಟ್ಟಿಯಾದ ತಿಂಗಳು ಕಡಿಮೆಯಾಗುವುದು ಬೇಳೆಯೇ.

ಹಳೇಸಂಪುಟ
ಉಗ್ರಾಣದವರೇ, ನಿಮ್ಮ ಡಿಸೆಂಬರ್ 20ರ ಪದ್ಧತಿಗೆ 400 ವರ್ಷದ ಹಿಂದಿನ ಒಂದು ಉದಾಹರಣೆ ಇದೆ.

1617ರ ಆಗಸ್ಟ್. ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರು. ಅಲ್ಲಿನ ಪಾದ್ರಿ ವಿನ್ಸೆಂಟ್ ಡಿ ಪಾಲ್ ಭಾನುವಾರದ ಪೂಜೆಗೆ ಉಡುಪು ಹಾಕಿಕೊಳ್ಳುತ್ತಿದ್ದಾಗ ಸುದ್ದಿ ಬಂತು: ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ. ಪ್ರಸಂಗದಲ್ಲಿ ಅದನ್ನೇ ಹೇಳಿದರು. ಮಧ್ಯಾಹ್ನ ಅವರು ಆ ಮನೆಗೆ ಹೊರಟಾಗ ದಾರಿಯುದ್ದಕ್ಕೂ ಜನ. ರೊಟ್ಟಿ, ಮಾಂಸ ಹೊತ್ತು ಹೋಗುವವರು, ಕೊಟ್ಟು ವಾಪಸ್ ಬರುವವರು. ಅದನ್ನು ಕಂಡು ಖುಷಿಪಟ್ಟು ಸುಮ್ಮನಾಗಲಿಲ್ಲ ಅವರು. ಇಷ್ಟೂ ಇವತ್ತೇ ಬಂದರೆ ಅರ್ಧ ಕೊಳೆಯುತ್ತದೆ, ಆಮೇಲೆ ಆ ಮನೆ ಮತ್ತೆ ಉಪವಾಸ ಎಂದು ಲೆಕ್ಕ ಹಾಕಿದರು. ಮೂರೇ ದಿನದಲ್ಲಿ ಊರಿನ ಹೆಂಗಸರನ್ನು ಕೂಡಿಸಿ ಸರದಿ ಮಾಡಿದರು. ಒಬ್ಬರಿಗೆ ಒಂದು ದಿನ.

ಅದೇ ವರ್ಷದ ಕೊನೆಯಲ್ಲಿ ಬರೆದ ನಿಯಮಾವಳಿ ನೋಡಬೇಕು. ದಯೆಯ ಬಗ್ಗೆ ಭಾಷಣಕ್ಕಿಂತ ಅಡುಗೆ ಮನೆಯ ವಿವರ ಹೆಚ್ಚು. ಮಧ್ಯಾಹ್ನದ ಊಟಕ್ಕೆ ರೋಗಿ ತಿನ್ನುವಷ್ಟು ರೊಟ್ಟಿ, ಐದು ಔನ್ಸ್ ಕುರಿ ಅಥವಾ ಕರುವಿನ ಮಾಂಸ, ಸೂಪು, ಅಳತೆ ಮಾಡಿದ ದ್ರಾಕ್ಷಾರಸ. ಮಾಂಸ ತಿನ್ನದ ದಿನಗಳಿಗೆ ಮೊಟ್ಟೆ, ಬೆಣ್ಣೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಸೂಚನೆ: ಊಟ ಕೊಡಲು ಹೋಗುವವರು ಜತೆಗೆ ಯಾರಾದರೂ ಇರುವ ರೋಗಿಯಿಂದ ಶುರುಮಾಡಿ, ಒಂಟಿಯಾಗಿರುವವರನ್ನು ಕೊನೆಗಿಟ್ಟುಕೊಳ್ಳಬೇಕು, ಅವರ ಹತ್ತಿರ ಹೆಚ್ಚು ಹೊತ್ತು ಕೂರಬಹುದಲ್ಲ ಎಂದು. ದಾರಿ ಯಾವುದು ಹತ್ತಿರ ಎಂದು ನೋಡಿ ಹಾಕಿದ ಸರದಿಯಲ್ಲ ಅದು.

ವಿನ್ಸೆಂಟರ ಹೆಸರಿನ ಸಂಘ 1833ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದದ್ದು ಬೇರೆ ಕಥೆ. ಫ್ರೆಡ್ರಿಕ್ ಓಜಾನಂ ಎಂಬ 20 ವರ್ಷದ ವಿದ್ಯಾರ್ಥಿ ಮತ್ತು ಗೆಳೆಯರು ಕಟ್ಟಿದ್ದು. ಯಾರ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂದು ಆ ಹುಡುಗರಿಗೆ ಕಲಿಸಿದವರು ಕೊಳೆಗೇರಿಯಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರಾಂಡು. ಇಂದಿಗೂ ಆ ಸಂಘದ ಪದ್ಧತಿ ಇಬ್ಬಿಬ್ಬರು ಹೋಗುವುದು, ಮನೆಗೇ ಹೋಗುವುದು, ಹೋದ ಮನೆಯ ಮಾತು ಹೊರಗೆ ಆಡದಿರುವುದು. ನಿಮ್ಮದು ಯಾವ ಸಭೆಯಾದರೂ ಈ ಮೂರನ್ನು ಎರವಲು ತರಬಹುದು.

ಜೋಳದರೊಟ್ಟಿ
ತಕ್ಕಡಿ ಅಣ್ಣಾರ, ನೀವು ಹೇಳಿದ ಪಟ್ಟಿ ಚಲೋ ಐತ್ರಿ, ಆದ್ರ ಚೀಲಾನ ಯಾಕ ಬೇಕು? ಚೀಲ ಹೊತ್ಕೊಂಡು ಓಣ್ಯಾಗ ಹೋದ್ರ ಮಂದಿಗೆಲ್ಲಾ ಗೊತ್ತಾಕ್ಕೈತಿ. ಓಣಿ ಕಿರಾಣಿ ಅಂಗಡ್ಯಾಗ ಒಂದು ಖಾತೆ ತಗೀರಿ. ತಿಂಗಳಿಗೆ ಇಷ್ಟು ಅಂತ ಮೊದಲ ರೊಕ್ಕ ಕಟ್ರಿ. ಆ ಮನಿಯವರು ತಮಗ ಬೇಕಾದ್ದು ತಾವ ತರ್ತಾರ, ಒಮ್ಮೆ ರವಾ, ಒಮ್ಮೆ ಜೋಳದ ಹಿಟ್ಟು. ಆರಿಸಿ ತರೂದರಾಗ ಒಂದು ಮರ್ಯಾದಿ ಐತ್ರಿ.

ಇದು ಕೆಡೂದು ಮೂರು ಕಡೆ. ಒಂದು, ಅಂಗಡಿಯಾವ ಖಾತೆದವರಿಗೆ ರೇಟ್ ಏರಸ್ತಾನ. ಅದಕ್ಕ ನಾಕೈದು ಸಾಮಾನಿನ ರೇಟು ನೀವು ಬ್ಯಾರೆ ಅಂಗಡ್ಯಾಗ ಕೇಳಿಟ್ಕೋರಿ. ಎರಡು, ‘ಚರ್ಚಿನವರ ಖಾತೆ’ ಅಂತ ನಾಕು ಮಂದಿ ಮುಂದ ಕೂಗ್ತಾನ. ಖಾತೆಗೆ ಬರೀ ನಂಬರ್ ಇರ್ಲಿ, ಮಾತು ಮೊದಲ ಆಗಿರ್ಲಿ. ಮೂರು, ಬೀಡಿ, ಗುಟ್ಕಾ. ಅದನ್ನ ಖಾತೆಗೆ ಹಚ್ಚಂಗಿಲ್ಲ ಅಂತ ಅಂಗಡಿಯವಗ ಹೇಳ್ರಿ, ಮನಿಯವರಿಗೆ ಉಪದೇಶ ಮಾಡಾಕ ಹೋಗಬ್ಯಾಡ್ರಿ. ತಿಂಗಳ ಚೀಟಿಗೆ ಇಬ್ಬರ ಸಹಿ.

ತಕ್ಕಡಿ
ಒಪ್ಪಿದೆ ರೀ. ನಡೆಯಲಾಗದವರಿಗೆ ಚೀಲ, ನಡೆಯಬಲ್ಲವರಿಗೆ ಖಾತೆ ಎಂದು ಮಾಡಬಹುದು. ಚೀಲವಾದರೆ ಒಂದರಲ್ಲಿ 4 ಕೆಜಿಗಿಂತ ಹೆಚ್ಚು ತುಂಬಬೇಡಿ. ಕೀಲುನೋವಿನ ಕೈಗೆ ಅದೇ ಭಾರ. ಸಭೆಯ ಹೆಸರು ಅಚ್ಚಾದ ಚೀಲವಂತೂ ಬೇಡವೇ ಬೇಡ.

ಉಗ್ರಾಣ
ಎರಡು ಪ್ರಶ್ನೆ. ಆರು ಮನೆ ಯಾವುವು ಎಂದು ಆರಿಸುವುದು ಯಾರು? ಈಗ ಅಯ್ಯನವರೇ (ಸಭೆಯ ಪಾಸ್ಟರ್) ಹೆಸರು ಹೇಳುತ್ತಾರೆ, ಅದರಿಂದ ಅಸಮಾಧಾನ ಇದೆ. ಇನ್ನೊಂದು, ಸಭೆಗೆ ಸೇರದವರನ್ನೂ ಸೇರಿಸಿಕೊಳ್ಳಬೇಕೇ? ಸಮಿತಿಯಲ್ಲಿ ಈ ಬಗ್ಗೆ ಒಮ್ಮತ ಇಲ್ಲ.

ಹಳೇಸಂಪುಟ
ಮೊದಲ ಪ್ರಶ್ನೆಗೆ ಉತ್ತರ ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲೇ ಇದೆ. ಯೆರೂಸಲೇಮಿನ ಸಭೆಯಲ್ಲಿ ಮೊದಲು ಎದ್ದ ಗೊಣಗಾಟ ಉಪದೇಶದ ಬಗ್ಗೆ ಅಲ್ಲ, ದಿನದ ಹಂಚಿಕೆಯ ಬಗ್ಗೆ. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು. ಅಪೊಸ್ತಲರು ಪಟ್ಟಿಯನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿಲ್ಲ, ಏಳು ಜನರನ್ನು ನೀವೇ ಆರಿಸಿ ಎಂದು ಸಭೆಗೆ ಹೇಳಿ, ಆರಿಸಿ ಬಂದವರಿಗೆ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಎಂದರೆ ಯಾರು ದೂರಿದರೋ ಅವರ ಕಡೆಯವರ ಕೈಗೇ ಬಟ್ಟಲು ಕೊಟ್ಟಂತೆ ಕಾಣುತ್ತದೆ. ನಿಮ್ಮ ಸಮಿತಿಯಲ್ಲಿ ಕಾಲೋನಿಯ ಕಡೆಯವರು, ಬಾಡಿಗೆ ಮನೆಯವರು, ವಿಧವೆಯರು ಯಾರಾದರೂ ಇದ್ದಾರೆಯೇ ನೋಡಿ. ಬರೀ ಮುಂದಿನ ಬೆಂಚಿನವರೇ ಇದ್ದರೆ ಪಟ್ಟಿಯೂ ಮುಂದಿನ ಬೆಂಚಿಗೆ ಕಾಣುವಷ್ಟೇ ಇರುತ್ತದೆ.

ಎರಡನೆಯದಕ್ಕೆ: ಗಲಾತ್ಯ 6:10 ಎಲ್ಲರಿಗೂ ಒಳ್ಳೆಯದು ಮಾಡಿ, ವಿಶ್ವಾಸಿಗಳ ಮನೆತನಕ್ಕೆ ವಿಶೇಷವಾಗಿ ಎನ್ನುತ್ತದೆ. ‘ವಿಶೇಷವಾಗಿ’ ಎಂದರೆ ‘ಮಾತ್ರ’ ಎಂದಲ್ಲ. 361ರಿಂದ 363ರವರೆಗೆ ಆಳಿದ ರೋಮನ್ ಚಕ್ರವರ್ತಿ ಜೂಲಿಯನ್‌ಗೆ ಕ್ರೈಸ್ತರೆಂದರೆ ಆಗುತ್ತಿರಲಿಲ್ಲ. ತನ್ನ ಪುರೋಹಿತರಿಗೆ ಬರೆದ ಪತ್ರದಲ್ಲಿ ಅವನೇ ಹೊಟ್ಟೆ ಉರಿದುಕೊಂಡು ಒಪ್ಪಿಕೊಂಡಿದ್ದಾನೆ: ಅವರು ತಮ್ಮ ಬಡವರ ಜತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂದು. ಸ್ನೇಹಿತರು ಬರೆದ ಹೊಗಳಿಕೆಗಿಂತ ಇದು ಗಟ್ಟಿ ಸಾಕ್ಷಿ.

ಚೀಟಿಪುಸ್ತಕ
ಹೊರಗಿನವರ ವಿಷಯದಲ್ಲಿ ಕಾರ್ಯರೂಪ ಹೀಗಿರಲಿ. ಆರರಲ್ಲಿ ಎರಡು ಮನೆ ಸಭೆಯ ಹೊರಗಿನವು ಎಂದು ನಿರ್ಣಯದಲ್ಲೇ ಬರೆದುಬಿಡಿ, ಪ್ರತಿಸಲ ಚರ್ಚೆ ತಪ್ಪುತ್ತದೆ. ಹೆಸರಿಗೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎನ್ನುವುದು ಅವರಿಗೆ ಗೊತ್ತು. ಚೀಲದೊಳಗೆ ಕರಪತ್ರ, ಕ್ಯಾಲೆಂಡರ್, ಸುವಾರ್ತೆಯ ಪುಸ್ತಕ ಇಡಬೇಡಿ. ಆರಾಧನೆಗೆ ಬನ್ನಿ ಎಂದು ಕರೆಯಬೇಡಿ. ಹಸಿದವನು ಹಸಿವಿನ ಮುಲಾಜಿಗೆ ಬಿದ್ದು ‘ಹೂಂ’ ಅಂದರೆ ಅದು ವಿಶ್ವಾಸವೂ ಅಲ್ಲ, ನೀವು ಕೊಟ್ಟದ್ದು ದಾನವೂ ಅಲ್ಲ, ವ್ಯಾಪಾರ. ಯಾಕೆ ಬರುತ್ತೀರಿ ಎಂದು ಅವರೇ ಕೇಳಿದರೆ ಒಂದು ವಾಕ್ಯದಲ್ಲಿ ನಿಜ ಹೇಳಿ, ಸಾಕು.

ಈಗ ಲೆಕ್ಕ. 2 ಕೊರಿಂಥ 8ರಲ್ಲಿ ಪೌಲನು ಯೆರೂಸಲೇಮಿನ ಬಡವರಿಗೆ ಎತ್ತಿದ ಹಣವನ್ನು ಒಬ್ಬನ ಕೈಯಲ್ಲಿ ಕಳಿಸುವುದಿಲ್ಲ. ತನ್ನ ಜತೆಗಾರ ತೀತನ ಜತೆಗೆ ಸಭೆಗಳೇ ನೇಮಿಸಿದ ಇನ್ನೊಬ್ಬ ಸಹೋದರ. ಯಾರೂ ತಪ್ಪು ಹೊರಿಸಬಾರದು ಎಂದು ಕಾರಣವನ್ನೂ ಬರೆಯುತ್ತಾನೆ. ಆದ್ದರಿಂದ ಕಾಣಿಕೆಯನ್ನು ಆರಾಧನೆ ಮುಗಿದ ತಕ್ಷಣ ಅಲ್ಲೇ ಇಬ್ಬರು ಎಣಿಸಬೇಕು, ನೋಟುವಾರು ಚೀಟಿ ಬರೆದು ಸಹಿ ಹಾಕಬೇಕು. ಮನೆಗೆ ಒಯ್ದು ಎಣಿಸುವ ಅಭ್ಯಾಸ ಒಳ್ಳೆಯವರಿಗೂ ಕೆಟ್ಟ ಹೆಸರು ತರುತ್ತದೆ. ಕ್ಯೂಆರ್ ಕೋಡ್ ಸಭೆಯ ಖಾತೆಯದೇ ಆಗಿರಲಿ, ಖಜಾಂಚಿಯ ಸ್ವಂತ ನಂಬರಿನದು ಬೇಡ.

ಮನೆಗಳಿಗೆ ಸಂಖ್ಯೆ ಕೊಡಿ, ದ1ರಿಂದ ದ6. ವೋಚರಿನಲ್ಲಿ ‘ದ4, ಔಷಧ, 640 ರೂ.’ ಎಂದಷ್ಟೇ ಇರಲಿ. ಯಾವ ಸಂಖ್ಯೆ ಯಾರದು ಎಂಬ ಹಾಳೆ ಮುಚ್ಚಿದ ಲಕೋಟೆಯಲ್ಲಿ ಇಬ್ಬರ ಬಳಿ. ಲೆಕ್ಕಪರಿಶೋಧಕರು ಕೇಳಿದರೆ ತೋರಿಸಿ, ವಾರ್ಷಿಕ ಸಭೆಯಲ್ಲಿ ಓದಬೇಡಿ. ‘ನಾವು ಕೊಟ್ಟ ಹಣ ಯಾರಿಗೆ ಹೋಯಿತು’ ಎಂದು ಒಬ್ಬರು ಎದ್ದು ಕೇಳೇ ಕೇಳುತ್ತಾರೆ. ಎಷ್ಟು ಮನೆ, ಎಷ್ಟು ಭೇಟಿ, ಎಷ್ಟು ಕೆಜಿ, ಎಷ್ಟು ಉಳಿಕೆ ಎನ್ನುವುದೇ ಉತ್ತರ.

ಫೋಟೋ: ಮತ್ತಾಯ 6ರಲ್ಲಿ ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದು ಎಂದಿದೆ, ವಾಟ್ಸ್ಯಾಪ್ ಗುಂಪಿಗೆ ತಿಳಿಯಬಹುದು ಎಂದು ವಿನಾಯಿತಿ ಇಲ್ಲ. ದಾನಿಗಳು ಪುರಾವೆ ಕೇಳಿದರೆ ತೂಗಿಟ್ಟ ಬೇಳೆಯ ಪೊಟ್ಟಣಗಳ ಫೋಟೋ ಕಳಿಸಿ. ನೋಟಿಸ್ ಬೋರ್ಡಿನ ಫೋಟೋದಲ್ಲಿ ತನ್ನ ಅಮ್ಮ ಕೈಚಾಚಿ ನಿಂತಿರುವುದನ್ನು ಭಾನುವಾರ ಶಾಲೆಯ ಮಕ್ಕಳೆಲ್ಲ ನೋಡಿದರೆ ಆ ಮಗು ಮುಂದಿನ ವಾರ ಬರುವುದಿಲ್ಲ.

ನಾಡಕಚೇರಿ_ಸಾಲು
ದಯಾನಿಧಿಯಿಂದ ಆಸ್ಪತ್ರೆ ಬಿಲ್ಲು ಕಟ್ಟುವ ಮೊದಲು ಒಂದು ತಡೆ ಹಾಕಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಅದಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಸೇರಿಸಿ ಆಮೇಲೆ ಸಭೆಯ ಮುಂದೆ ಕೈಯೊಡ್ಡುವುದು ಪದೇ ಪದೇ ಆಗುವ ತಪ್ಪು.

ಪಿಂಚಣಿಯೂ ಹಾಗೆಯೇ. ಸಂಧ್ಯಾ ಸುರಕ್ಷಾ 65 ದಾಟಿದವರಿಗೆ ತಿಂಗಳಿಗೆ 1,200, ಅಂದರೆ ವರ್ಷಕ್ಕೆ 14,400. ನಿಮ್ಮ 1,900ರ ಕಿಟ್‌ನ ಏಳೂವರೆ ಪಟ್ಟು. ಅದನ್ನು ಕೊಡಿಸಲು ತಗಲುವುದು ಒಬ್ಬರ ಎರಡು ಮೂರು ಬೆಳಗ್ಗೆ, ಝೆರಾಕ್ಸ್ ಖರ್ಚು, ಆಟೋ. ಬರುತ್ತಿದ್ದ ಪಿಂಚಣಿ ನಿಂತಿದ್ದರೆ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿ ಇದೆಯೇ, ಆಧಾರ್ ಮತ್ತು ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ಇದೆಯೇ ನೋಡಿ. ‘ಮರಿಯಮ್ಮ’, ‘ಮೇರಿಯಮ್ಮ’ ಎಂದು ಎರಡು ಕಡೆ ಎರಡು ಥರ ಇರುವುದು ನಮ್ಮವರಲ್ಲಿ ಮಾಮೂಲು. ದೀಕ್ಷಾಸ್ನಾನದ ಹೆಸರು, ಮನೆ ಹೆಸರು, ಶಾಲೆಯ ಹೆಸರು ಮೂರೂ ಬೇರೆ.

ಎಟಿಎಂ ಕಾರ್ಡು, ಪಿನ್, ಪಾಸ್‌ಬುಕ್ ಯಾವುದನ್ನೂ ಸಭೆಯವರು ಇಟ್ಟುಕೊಳ್ಳಬಾರದು. ಅವರಾಗಿ ಕೊಟ್ಟರೂ ಬೇಡ.

ರಾತ್ರಿಪಾಳಿ
ಕಾಯಿಲೆಯವರ ಮನೆಗೆ ಹೋಗುವವರಿಗೆ ಕೆಲವು ಮಾತು. ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೆಚ್ಚು ಅನಾಹುತ.

ವಾರ್ಡಿನಲ್ಲಾದರೆ 10ರಿಂದ 15 ನಿಮಿಷ, ಮನೆಯಲ್ಲಾದರೆ ಅರ್ಧ ಗಂಟೆ. ಹಾಸಿಗೆಯ ಮೇಲೆ ಕೂರಬೇಡಿ, ಕುರ್ಚಿ ಎಳೆದುಕೊಂಡು ಕಣ್ಣಿನ ಮಟ್ಟಕ್ಕೆ ಕೂರಿ. ಹೋಗುವಾಗಲೂ ಬರುವಾಗಲೂ ಕೈ ತೊಳೆಯಿರಿ. ನಿಮಗೇ ನೆಗಡಿ ಇದ್ದರೆ ಆ ವಾರ ಹೋಗದಿರುವುದೇ ಸೇವೆ.

ತಿನ್ನಲು ಏನು ಒಯ್ಯುವುದು ಎಂದು ಮನೆಯವರನ್ನು ಕೇಳದೆ ಒಯ್ಯಬೇಡಿ. ಡಯಾಲಿಸಿಸ್ ಮಾಡಿಸುವವರಿಗೆ ಎಳನೀರು, ಬಾಳೆಹಣ್ಣು ಪ್ರೀತಿಯಿಂದ ಒಯ್ಯುತ್ತೀರಿ. ಅವೆರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಅದನ್ನು ಹೊರಹಾಕದೆ ಇದ್ದರೆ ಹೃದಯದ ಬಡಿತವೇ ತಪ್ಪಬಹುದು. ಪಾರ್ಶ್ವವಾಯು ಆಗಿ ನುಂಗಲು ಕಷ್ಟವಾದವರಿಗೆ ನೀರೇ ಅಪಾಯ. ತೆಳುವಾದದ್ದು ಬೇಗ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ, ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಎರಡು ದಿನ ಕಳೆದು ನ್ಯುಮೋನಿಯಾ. ಪ್ರಭು ಭೋಜನವನ್ನೋ ಪರಮ ಪ್ರಸಾದವನ್ನೋ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಒಯ್ಯುವ ಅಯ್ಯನವರು, ಫಾದರ್ ಕೂಡ ನುಂಗಲು ಬರುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ಮಲಗಿಸಿಕೊಂಡು ಏನನ್ನೂ ಬಾಯಿಗೆ ಹಾಕಬಾರದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ.

ಪ್ರಾರ್ಥನೆ ‘ಮಾಡಲೇ?’ ಎಂದು ಕೇಳಿ ಮಾಡಿ. ಬೇಡ ಎಂದರೆ ಬೇಡ. ಮಾಡಿದರೂ ಪಕ್ಕದ ಮಂಚದವರಿಗೆ ಕೇಳದಷ್ಟು ಮೆಲ್ಲಗೆ, ಎರಡು ನಿಮಿಷ. ‘ದೇವರ ಚಿತ್ತ’, ‘ಯಾವುದೋ ಪಾಪ ಇರಬೇಕು’, ‘ನಂಬಿಕೆ ಸಾಲದು’ ಈ ಮೂರು ಮಾತು ಹೊಸ್ತಿಲಾಚೆಯೇ ಇರಲಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರು ಮೊದಲ ಏಳು ದಿನ ಅವನ ಜತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು, ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆ.

ಆರೈಕೆ ಮಾಡುವವರನ್ನು ಮರೆಯುತ್ತೇವೆ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಗೆ ಹುಣ್ಣು. ಎಂದರೆ ಆ ಮನೆಯ ಸೊಸೆಯೋ ಮಗಳೋ ತಿಂಗಳುಗಟ್ಟಲೆ ಒಂದೇ ಸಮ ಮೂರು ಗಂಟೆ ಮಲಗಿರುವುದಿಲ್ಲ. ವಾರಕ್ಕೊಮ್ಮೆ ಮಧ್ಯಾಹ್ನ 1ರಿಂದ 4ರವರೆಗೆ ಇಬ್ಬರು ಹೋಗಿ ಕೂತರೆ, ಅವಳು ತಲೆಗೆ ನೀರು ಹಾಕಿಕೊಂಡು ನಿದ್ದೆ ಮಾಡುತ್ತಾಳೆ. ಮಗ್ಗುಲಾಗಿಸುವಾಗ ರಟ್ಟೆ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ. ಕೆಳಗೆ ನಾಲ್ಕು ಮಡಿಕೆಯ ಬೆಡ್‌ಶೀಟ್ ಹಾಸಿ ಎರಡೂ ಕಡೆಯಿಂದ ಹಿಡಿದು ಸರಿಸಿ. ಯಾವ ಹೊತ್ತಿಗೆ ಯಾವ ಮಗ್ಗುಲು ಎಂದು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ.

ಜೋಳದರೊಟ್ಟಿ
ರಾತ್ರಿಪಾಳಿ ಅಕ್ಕಾರ, ಈ ಎಳನೀರಿನ ಮಾತು ಬೋರ್ಡಿಗೆ ಹಚ್ಚಬೇಕ್ರಿ. ದವಾಖಾನಿಗೆ ಹೋಗೂ ಮುಂದ ಮಂದಿ ಮೊದಲ ತಗೊಳ್ಳೂದ ಅದು.

ಉಗ್ರಾಣ
ಎಲ್ಲ ಬರೆದುಕೊಂಡಿದ್ದೇನೆ. ಜನ ಎಷ್ಟು ಬೇಕು? ಶುರುವಿನ ಉತ್ಸಾಹ ಮೂರು ತಿಂಗಳಿಗೆ ಇಳಿಯುತ್ತದೆ ಎಂಬ ಭಯ. ಹಾಗೆಯೇ, ಒಮ್ಮೆ ಶುರುಮಾಡಿದ ಮನೆಗೆ ನಿಲ್ಲಿಸುವುದು ಹೇಗೆ?

ತಕ್ಕಡಿ
ಆರು ಮನೆ, ತಿಂಗಳಿಗೆ ಎರಡು ಭೇಟಿ, ಒಟ್ಟು 12. ಆರು ಜೋಡಿ ಇದ್ದರೆ ಜೋಡಿಗೆ ಎರಡೇ ಭೇಟಿ. ಎಂದರೆ 12 ಜನ, ಮೇಲೆ ಇಬ್ಬರು ಬದಲಿ. 140 ಕುಟುಂಬದಲ್ಲಿ 14 ಜನ ಸಿಗದಿದ್ದರೆ ಮನೆಗಳನ್ನು ನಾಲ್ಕಕ್ಕೆ ಇಳಿಸಿ, ಭೇಟಿಯನ್ನು ಇಳಿಸಬೇಡಿ. ಜೋಡಿಯಲ್ಲಿ ಒಬ್ಬರಾದರೂ ಹೆಂಗಸರಿರಲಿ. ಮಕ್ಕಳು, ಒಂಟಿ ಹೆಂಗಸರು ಇರುವ ಮನೆಗೆ ಒಬ್ಬರೇ ಹೋಗಕೂಡದು, ಅಯ್ಯನವರಿಗೂ ಇದೇ ನಿಯಮ. ಜೋಡಿಯನ್ನು ಆರು ತಿಂಗಳು ಬದಲಿಸಬೇಡಿ. ತಿಂಗಳಿಗೊಬ್ಬರು ಹೊಸಬರು ಬಂದರೆ ಆ ಮನೆಯವರು ತಮ್ಮ ಕಷ್ಟವನ್ನು ಮತ್ತೆ ಮೊದಲಿನಿಂದ ಒಪ್ಪಿಸಬೇಕು.

ಹಳೇಸಂಪುಟ
ನಿಲ್ಲಿಸುವುದಕ್ಕೆ: ಶುರುವಿನಲ್ಲೇ ‘ಆರು ತಿಂಗಳಾದ ಮೇಲೆ ಕೂತು ನೋಡೋಣ’ ಎಂದು ಹೇಳಿ. ಮಗನಿಗೆ ಕೆಲಸ ಸಿಕ್ಕಿತು, ಪಿಂಚಣಿ ಬಂತು ಎಂದಾದರೆ ಎರಡು ತಿಂಗಳ ಮುಂಚೆ ತಿಳಿಸಿ ಸಾಮಾನು ನಿಲ್ಲಿಸಿ. ಭೇಟಿಯನ್ನು ಮಾತ್ರ ಒಮ್ಮೆಲೇ ಬಿಡಬೇಡಿ. ಲೂಕ 10ರ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದದ್ದು ಎಲ್ಲರಿಗೂ ನೆನಪಿದೆ. ಮರುದಿನ ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ಹಣ ಕೊಟ್ಟು, ಹೆಚ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದದ್ದು ಪ್ರಸಂಗಗಳಲ್ಲಿ ಬೇಗ ದಾಟಿಹೋಗುತ್ತದೆ. ಅವನು ತಿರುಗಿ ಬರುವವನಿದ್ದ.

ಉಗ್ರಾಣ
ಸರಿ. ನಾಲ್ಕು ಮನೆಯಿಂದ ಶುರು, ಎರಡು ಒಳಗಿನವು, ಎರಡು ಹೊರಗಿನವು. ಆದರೆ ಈ ಡಿಸೆಂಬರಿನ 60 ಕಿಟ್ ಏನು ಮಾಡುವುದು? ಜನ ಕಾಯುತ್ತಿರುತ್ತಾರೆ, ಏಕಾಏಕಿ ಇಲ್ಲ ಎನ್ನಲಾಗದು.

ಚೀಟಿಪುಸ್ತಕ
ಈ ವರ್ಷ ಕೊಡಿ, ಆದರೆ ಜನವರಿ ಎರಡನೇ ವಾರ. ಡಿಸೆಂಬರಿನಲ್ಲಿ ಸಂಘ ಸಂಸ್ಥೆ, ರಾಜಕೀಯದವರು, ಪಕ್ಕದ ಸಭೆ ಎಲ್ಲರೂ ಹಂಚುತ್ತಾರೆ. ಹಬ್ಬ ಮುಗಿದ ಮೇಲೆ ಯಾರೂ ಇರುವುದಿಲ್ಲ. ಅಕ್ಕಿ ತೆಗೆದು 2 ಕೆಜಿ ಬೇಳೆಕಾಳು ಹೆಚ್ಚಿಸಿ. ಮನೆಗೇ ತಲುಪಿಸಿ, ಸಾಲು ನಿಲ್ಲಿಸಬೇಡಿ. ತಲುಪಿಸಲು ಹೋದ 60 ಮನೆಗಳಲ್ಲಿ ಯಾವ ನಾಲ್ಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಜೋಳದರೊಟ್ಟಿ
ಕೇಕ್ ಮಾತ್ರ ಡಿಸೆಂಬರಿಗೇ ಕೊಡ್ರಿ ಮತ್ತ. ಜನವರಿಗಂದ್ರ ಬೂಷ್ಟು ಬಂದಿರ್ತೈತಿ.